ಹೋಂಸ್ಟೇ ಅಭಾವ ಮೀಮಾಂಸೆ

ಕೊಡಗು, ಸಕಲೇಶಪುರ, ಮೂಡಿಗೆರೆ ಸೀಮೆಯ ಆತಿಥೇಯರ ಖಾತೆಗೆ ಬಾರದ ಹಣದ ಸ್ವರೂಪ, ಪ್ರಭೇದ ಹಾಗೂ ಶಮನೋಪಾಯ ಕುರಿತು

ಹದಿನೇಳನೇ ಶತಮಾನದ ಅನ್ನಂಭಟ್ಟ ತನ್ನ 'ತರ್ಕಸಂಗ್ರಹ'ದಲ್ಲಿ ಪದಾರ್ಥಗಳು ಏಳೆಂದು ಎಣಿಸಿ, ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯಗಳಾದ ಮೇಲೆ ಕೊನೆಯ ಪೀಠದಲ್ಲಿ ಅಭಾವವನ್ನು ಕೂರಿಸಿದ್ದಾನೆ. 'ಇಲ್ಲ' ಎಂಬುದೂ ಒಂದು ಪದಾರ್ಥವೇ ಎಂಬ ಈ ಮಹಾವಾಕ್ಯ ಮುನ್ನೂರು ವರ್ಷ ಸಂಸ್ಕೃತ ಪಾಠಶಾಲೆಗಳ ಜಗುಲಿ ದಾಟಲಿಲ್ಲ. ಅದರ ಬೆಲೆ ಲೋಕಕ್ಕೆ ತಿಳಿದದ್ದು ಕಾಫಿ ತೋಟದವರು ಹಿಂದಿನ ಎರಡು ಕೋಣೆಗೆ ಗೀಸರ್ ಹಾಕಿಸಿ, ಹೊಸ ಬೆಡ್‌ಶೀಟು ಹಾಸಿ, ಫೋಟೋ ತೆಗೆಸಿ ಆ್ಯಪಿಗೆ ಏರಿಸಿದ ಮೇಲೆ. ಅತಿಥಿಗಳು ಬಂದರು, ಉಂಡರು, ಕ್ಯಾಂಪ್‌ಫೈರ್ ಹಾಕಿಸಿಕೊಂಡರು, ಐದು ನಕ್ಷತ್ರ ಕೊಟ್ಟು ಬೆಂಗಳೂರಿಗೆ ಹೋದರು. ಹಣ ಬರಲಿಲ್ಲ. ಆ ಬಾರದಿರುವಿಕೆಯೇ ಪ್ರಸ್ತುತ ಪ್ರಬಂಧದ ವಿಷಯ.

ಮೊದಲು ಪ್ರತಿಯೋಗಿ ವಿಚಾರ. ತಾರ್ಕಿಕರ ಪ್ರಕಾರ ಬರೀ 'ಇಲ್ಲ' ಎಂಬುದೊಂದು ಇಲ್ಲವೇ ಇಲ್ಲ. ಯಾವುದು ಇಲ್ಲವೋ ಅದು ಪ್ರತಿಯೋಗಿ, ಎಲ್ಲಿ ಇಲ್ಲವೋ ಅದು ಅನುಯೋಗಿ. 'ನೆಲದ ಮೇಲೆ ಗಡಿಗೆ ಇಲ್ಲ' ಎನ್ನುವವನು ನೆಲವನ್ನೂ ತೋರಿಸಬೇಕು, ಗಡಿಗೆಯನ್ನೂ ಹೆಸರಿಸಬೇಕು. ನಮ್ಮ ಆತಿಥೇಯರು ಸಹಾಯವಾಣಿಗೆ ಬರೆಯುವುದಾದರೋ 'ಸಾರ್, ಹೋದ ವಾರದ ದುಡ್ಡು ಬಂದಿಲ್ಲ, ದಯವಿಟ್ಟು ನೋಡಿ' ಎಂದು. ಯಾವ ಬುಕ್ಕಿಂಗು? ಎಷ್ಟು ಮೊತ್ತ? ಯಾವ ಖಾತೆಗೆ? ನೆಲವೂ ಇಲ್ಲ, ಗಡಿಗೆಯೂ ಇಲ್ಲ. ಅದಕ್ಕೆ ಸಹಾಯವಾಣಿಯ ಯಂತ್ರ 'ನಿಮ್ಮ ತೊಂದರೆ ನಮಗೆ ಅರ್ಥವಾಗಿದೆ' ಎಂದು ಮಾರುತ್ತರ ಕೊಡುತ್ತದೆ. ಇದು ಅಪ್ಪಟ ಸುಳ್ಳು. ಅರ್ಥವಾಗುವಂಥದ್ದೇನನ್ನೂ ಅಲ್ಲಿ ಬರೆದಿರಲಿಲ್ಲ.

ಪ್ರತಿಯೋಗಿ ನಿರ್ಣಯಕ್ಕೆ ಬೇಕಾದ ಆಕರಗ್ರಂಥ ಬಹುತೇಕ ಹೋಂಸ್ಟೇಗಳಲ್ಲಿ ಫ್ರಿಜ್ಜಿನ ತಲೆಯ ಮೇಲೆ ಇರುತ್ತದೆ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಅದು. ಮನೆಯೊಡತಿ ಅದರಲ್ಲಿ ನೀಲಿ ಪೆನ್ನಿನಲ್ಲಿ ಬುಕ್ಕಿಂಗ್ ಕೋಡು, ಬಂದ ತಾರೀಖು, 'ನಾಲ್ಕು ಜನ, ಒಂದು ಮಗು, ಒಬ್ಬರಿಗೆ ಸಸ್ಯಾಹಾರ', ಆ್ಯಪು ತೋರಿಸಿದ ಮೊತ್ತ ಇಷ್ಟನ್ನೂ ಬರೆದು, ಹಣ ಬಂದ ದಿನ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ ಬಂದಷ್ಟನ್ನು ಗುರುತು ಹಾಕಿರುತ್ತಾರೆ. ಕೆಂಪು ಬೀಳದ ಸಾಲೇ ಅಭಾವ. ಅನ್ನಂಭಟ್ಟನಿಗೂ ಇಷ್ಟು ಸರಳವಾಗಿ ತೋರಿಸಲು ಆಗಿರಲಿಲ್ಲ. ಪುಟದ ಅಂಚಿನಲ್ಲಿ ಕಡಂಬುಟ್ಟಿಗೆ ಬೇಕಾದ ಅಕ್ಕಿತರಿಯ ಲೆಕ್ಕವೂ ಹಾಲಿನವನ ಬಾಕಿಯೂ ಕಾಣುವುದುಂಟು; ಅವು ಪ್ರಕ್ಷಿಪ್ತ, ಸಂಶೋಧಕರು ಬಿಟ್ಟು ಓದತಕ್ಕದ್ದು.

ಅಭಾವ ಉಂಟೆಂದು ತಿಳಿಯುವುದು ಯಾವ ಪ್ರಮಾಣದಿಂದ? ನೈಯಾಯಿಕರು ಕಣ್ಣಿಗೇ ಕಾಣುತ್ತದೆ ಎಂದರು. ಕುಮಾರಿಲ ಭಟ್ಟನ ಪಂಥದ ಮೀಮಾಂಸಕರು ಒಪ್ಪದೆ ಅನುಪಲಬ್ಧಿ (ಕಾಣದಿರುವಿಕೆ) ಎಂಬ ಆರನೇ ಪ್ರಮಾಣವನ್ನೇ ಸ್ಥಾಪಿಸಿದರು, ಅದ್ವೈತಿಗಳೂ ಅದನ್ನು ಎತ್ತಿಕೊಂಡರು. ಆದರೆ ಅದಕ್ಕೊಂದು ಷರತ್ತುಂಟು: ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಸಂದರ್ಭವಿರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲ ಎಂಬಷ್ಟಕ್ಕೆ ಗಡಿಗೆ ಇಲ್ಲವೆಂದು ತೀರ್ಪು ಕೊಡಲಾಗದು. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು, ಮತ್ತು ಇದು ಮಡಿಕೇರಿಯ ಜುಲೈ ತಿಂಗಳನ್ನು ನೋಡಿಯೇ ಬರೆದಂತಿದೆ. ಮಳೆಗೆ ಕಂಬ ಬಿದ್ದು ಕರೆಂಟು ಹೋಗಿ, ಅದರ ಹಿಂದೆ ಟವರೂ ಸತ್ತು, ಗೇಟಿನ ಹತ್ತಿರದ ಸಿಲ್ವರ್ ಮರದ ಬುಡದಲ್ಲಿ ಕೈ ಎತ್ತಿ ಹಿಡಿದರೆ ಮಾತ್ರ ಒಂದು ಗೀಟು ಸಿಗ್ನಲ್ ಸಿಗುವ ಕಡೆ 'ಮೆಸೇಜು ಬಂದಿಲ್ಲ, ಆದ್ದರಿಂದ ದುಡ್ಡು ಬಂದಿಲ್ಲ' ಎನ್ನುವುದು ಕತ್ತಲ ಕೋಣೆಯ ತೀರ್ಪು. ಎಸ್ಸೆಮ್ಮೆಸ್ಸು ಪ್ರಮಾಣವಾಗದು, ಖಾತೆಯ ಸ್ಟೇಟ್‌ಮೆಂಟು ಪ್ರಮಾಣ. ಅದರಲ್ಲೂ ಬುಕ್ಕಿಂಗಿನ ಮೊತ್ತವನ್ನೇ ಹುಡುಕಿದರೆ ಸಿಗಲಾರದು. ಎರಡು ಬುಕ್ಕಿಂಗಿನ ಹಣ ಒಂದೇ ಜಮೆಯಾಗಿ ಬಿದ್ದಿರಬಹುದು, ಕಮಿಷನ್ನೂ ತೆರಿಗೆಯೂ ಕಳೆದಿರಬಹುದು, ಕಳಿಸಿದವರ ಹೆಸರಿನ ಜಾಗದಲ್ಲಿ ಯಾರೂ ಕೇಳರಿಯದ ಪೇಮೆಂಟ್ ಗೇಟ್‌ವೇಯ ಹೆಸರಿರಬಹುದು.

ಅಭಾವ ನಾಲ್ಕು ಬಗೆ ಎಂಬುದು ಶಾಸ್ತ್ರಸಮ್ಮತ. ಗಡಿಗೆ ಹುಟ್ಟುವ ಮುಂಚಿನ ಇಲ್ಲ ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯ ಉಂಟು. ಅಂದರೆ ಕಾದರೆ ಸಾಕು. ಏರ್‌ಬಿಎನ್‌ಬಿಯಲ್ಲಿ ಅತಿಥಿ ಚೆಕ್‌ಇನ್ ಆಗಬೇಕಾದ ಹೊತ್ತಿನಿಂದ ಸಾಮಾನ್ಯವಾಗಿ 24 ಗಂಟೆ ಕಳೆದ ಮೇಲೆ ಹಣ ಹೊರಡುತ್ತದೆ, ಬ್ಯಾಂಕಿಗೆ ಬಂದು ಬೀಳಲು ಮತ್ತೆ ಕೆಲವು ದಿನ ಹಿಡಿಯಬಹುದು. ಅತಿಥಿ ಹೋದ ಮೇಲೆ ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ತಾಣಗಳೂ ಇವೆ. ಶನಿವಾರ ಸಂಜೆ ಬಂದ ಅತಿಥಿ ಇನ್ನೂ ನೂಲ್‌ಪುಟ್ಟು ತಿನ್ನುತ್ತಿರುವಾಗಲೇ ಭಾನುವಾರ ಬೆಳಿಗ್ಗೆ ದೂರು ಕೊಟ್ಟವರನ್ನು ಶಾಸ್ತ್ರ ಕ್ಷಮಿಸದು. ಹಾಗೆಂದು 'ಎರಡನೇ ಶನಿವಾರ ಸಾರ್, ರಜೆ' ಎಂಬ ಸಬೂಬನ್ನೂ ಒಪ್ಪಬೇಕಾಗಿಲ್ಲ. ನೆಫ್ಟ್ ವ್ಯವಸ್ಥೆ 2019ರ ಡಿಸೆಂಬರ್ 16ರಿಂದ ಹಗಲಿರುಳು, ವರ್ಷದ ಅಷ್ಟೂ ದಿನ ನಡೆಯುತ್ತಿದೆ; ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಕಂತು. ರಜೆ ಇರುವುದು ಕಳಿಸುವ ಕಂಪನಿಯ ಲೆಕ್ಕಪತ್ರದವರಿಗೆ.

ಒಡೆದುಹೋದ ಗಡಿಗೆಯದು ಪ್ರಧ್ವಂಸಾಭಾವ. ಆದಿಯುಂಟು, ಅಂತ್ಯವಿಲ್ಲ. ಹೋದ ತಿಂಗಳು ಬಿಸಿನೀರು ಬರಲಿಲ್ಲವೆಂದು ಅತಿಥಿಗೆ ಮರಳಿಸಿದ ಹಣವನ್ನು ಈ ತಿಂಗಳ ಬುಕ್ಕಿಂಗಿನಲ್ಲಿ ಮುರಿದುಕೊಂಡು, ವಿವರಪಟ್ಟಿಯ ತಳದಲ್ಲಿ 'ಅಡ್ಜಸ್ಟ್‌ಮೆಂಟ್' ಎಂದು ಸಣ್ಣಕ್ಷರದಲ್ಲಿ ತೋರಿಸಿರುತ್ತಾರೆ. ಇದಕ್ಕೆ ಮದ್ದು ಗೀಸರ್ ರಿಪೇರಿಯವನ ಬಳಿ ಮಾತ್ರ ಇದೆ.

ಗಾಳಿಗೆ ಬಣ್ಣವಿಲ್ಲ ಎಂಬಂತೆ ಮೂರು ಕಾಲದಲ್ಲೂ ಇಲ್ಲದ್ದು ಅತ್ಯಂತಾಭಾವ. ಆ್ಯಪಿನ ಕಮಿಷನ್ ಉಳಿಯುತ್ತದೆಂದು ಫೋನಿನಲ್ಲೇ ಗೊತ್ತುಮಾಡಿಕೊಂಡು, 'ಅಂಕಲ್, ಊರಿಗೆ ಹೋಗಿ ಗೂಗಲ್ ಪೇ ಮಾಡ್ತೀವಿ' ಎಂದು ಹೋದ ಹುಡುಗರ ಹಣ ಈ ವರ್ಗಕ್ಕೆ ಸೇರುತ್ತದೆ. ಭಾವಮೈದುನನ ಆಫೀಸಿನವರದೂ ಅಷ್ಟೇ. ಮುಂದಕ್ಕೆ ಹೋಗೋಣ.

ಉಳಿದದ್ದು ಅನ್ಯೋನ್ಯಾಭಾವ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ ಎಂಬ ಪರಸ್ಪರ ಭೇದ. ಎಲ್ಲ ದರ್ಶನಗಳೂ ಕಾದಾಡಿದ್ದು ಇಲ್ಲೇ, ನಮ್ಮ ಹಣ ಸಿಕ್ಕಿಬೀಳುವುದೂ ಇಲ್ಲೇ. ಭೇದವೇ ಸತ್ಯವೆಂದು ಮಧ್ವಾಚಾರ್ಯರು ಸಾರಿದ ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದವು. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಕೆನರಾ ಬ್ಯಾಂಕಿನಲ್ಲಿ ಲೀನವಾಗಿ ಅಭೇದ ಹೊಂದಿದವು. ಅದರ ಹಿಂದಿನ ವರ್ಷ ಅದೇ ದಿನ ಮಂಗಳೂರಿನ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾ ಸೇರಿತ್ತು, 2017ರ ಏಪ್ರಿಲ್ 1ರಂದೇ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ದೊಡ್ಡ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತ್ತು. ಮೋಕ್ಷಕ್ಕೆ ಏಪ್ರಿಲ್ ಒಂದನ್ನೇ ಏಕೆ ಆರಿಸುತ್ತಾರೆಂಬುದು ಆರ್ಥಿಕ ವರ್ಷದ ಲೆಕ್ಕ ಬಲ್ಲವರಿಗೆ ಗೊತ್ತು. ಗ್ರಾಹಕರಿಗೆ ಬೇರೆ ಅನುಮಾನ.

ಬ್ಯಾಂಕು ಲೀನವಾದರೂ ಆ್ಯಪಿನಲ್ಲಿ ಬರೆದಿಟ್ಟ ಐಎಫ್‌ಎಸ್‌ಸಿ ಲೀನವಾಗಲಿಲ್ಲ. ಹನ್ನೊಂದು ಅಕ್ಷರದ ಆ ಬೀಜಮಂತ್ರದಲ್ಲಿ ಮೊದಲ ನಾಲ್ಕು ಬ್ಯಾಂಕಿನ ಗುರುತು, ಕೊನೆಯ ಆರು ಶಾಖೆಯದು, ನಡುವಿನ ಐದನೆಯದು ಸೊನ್ನೆ. ಸಿಂಡಿಕೇಟಿನ ಹಳೆಯ ಕೋಡುಗಳು 2021ರ ಜುಲೈ 1ರಿಂದ ನಿಂತುಹೋದವು. ಶಾಖೆ ಅದೇ ಪೇಟೆಯಲ್ಲಿ, ಅದೇ ಬಾಡಿಗೆ ಕಟ್ಟಡದಲ್ಲಿ, ಅದೇ ಪರಿಚಯದ ಕ್ಯಾಷಿಯರ್ ಸಮೇತ ಇರುವಾಗ ಕೋಡು ಸತ್ತಿದೆಯೆಂದು ಆತಿಥೇಯನಿಗೆ ಹೊಳೆಯುವುದಾದರೂ ಹೇಗೆ? ಅಂಗಳದಲ್ಲಿ ಕಾಫಿ ಒಣಗಲು ಹಾಕಿದ್ದ ಹೊತ್ತಿನಲ್ಲಿ ಬ್ಯಾಂಕಿನಿಂದ ಬಂದ ಪತ್ರವನ್ನು ಅವನು ಓದಿರುವುದಿಲ್ಲ. ಹೀಗಾಗಿ ಕೋವಿಡ್ ಕಳೆದು ಅತಿಥಿಗಳು ಮರಳಿದಾಗ, ಹಳೆಯ ಕೋಡಿನ ಮೇಲೆ ಕಳಿಸಿದ ಹಣಕ್ಕೆ ಬಂದು ಬೀಳುವ ದಾರಿಯೇ ಇರಲಿಲ್ಲ. ಐದನೇ ಸ್ಥಾನದ ಸೊನ್ನೆಯನ್ನು 'ಓ' ಅಕ್ಷರವೆಂದು ಒತ್ತಿದವರದು ಬೇರೆ ಶಾಖೆ. ಅವರನ್ನು ಶೂನ್ಯವಾದಿಗಳ ಅಧ್ಯಾಯಕ್ಕೆ ಬಿಟ್ಟಿದ್ದೇನೆ.

ಹೆಸರಿನ ಭೇದವನ್ನೂ ಇಲ್ಲೇ ಹೇಳಿಬಿಡಬೇಕು. ಕನ್ನಡನಾಡಿನವನಿಗೆ ಪಾಸ್‌ಬುಕ್ಕಿನಲ್ಲಿ ಎರಡು ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ಬಿಡಿಸಿ ಬರೆದ ಅಪ್ಪನ ಹೆಸರು, ಆಧಾರಿನಲ್ಲಿ ಮನೆತನದ ಹೆಸರು, ಆ್ಯಪಿನಲ್ಲಿ ಮಗಳು ತುಂಬಿದ ಚುಟುಕು ಹೆಸರು. ನಾಲ್ವರೂ ಒಬ್ಬನೇ ಎಂಬ ಅಭೇದಜ್ಞಾನ ಊರಿಗೆಲ್ಲ ಉಂಟು, ಆ್ಯಪಿಗಿಲ್ಲ; ಪರಿಶೀಲನೆಯೆಂದು ಹಣವನ್ನು ತಡೆದಿಡುತ್ತದೆ. ತಮಾಷೆಯೆಂದರೆ ಮುಂದೆ ನೆಫ್ಟ್ ಜಮೆ ಮಾಡುವಾಗ ಬ್ಯಾಂಕು ನೋಡುವುದು ಖಾತೆ ಸಂಖ್ಯೆಯನ್ನು, ಹೆಸರನ್ನಲ್ಲ. ಹೆಸರು ತಪ್ಪಿದರೆ ಆ್ಯಪಿನಲ್ಲೇ ಸಿಕ್ಕಿಕೊಳ್ಳುವ ಹಣ, ಅಂಕಿ ತಪ್ಪಿದರೆ ಸಲೀಸಾಗಿ ಬೇರೊಬ್ಬರ ಮನೆ ಸೇರಬಹುದು.

ಇನ್ನು ಅನುಮಾನ ಪ್ರಮಾಣ. 'ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವುದರಿಂದ, ಅಡುಗೆಮನೆಯಂತೆ' ಎಂಬುದು ತರ್ಕದ ಮೊದಲ ಪಾಠ. ಹೋಂಸ್ಟೇಯಲ್ಲಿ ಇದು ನಡೆಯುತ್ತದೆ: ಬೆಟ್ಟವಿದೆ, ಕ್ಯಾಂಪ್‌ಫೈರಿನ ಬೆಂಕಿಯಿದೆ, ಹೊಗೆಯೂ ಇದೆ, ಅಡುಗೆಮನೆಯಲ್ಲಿ ಪಂದಿಕರಿ ಕುದಿಯುತ್ತಿದೆ. ಆದರೆ ಹಣದ ವಿಷಯಕ್ಕೆ ಹೊಗೆ ಯಾವುದು? ನಿಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಮುರಿದರೆಂದು ತೋರಿಸುವ ಆದಾಯ ತೆರಿಗೆಯ 26ಎಎಸ್. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ 194-ಓ ಕಲಮಿನ ಪ್ರಕಾರ ಇಂಥ ತಾಣಗಳು ಮಾರಾಟಗಾರರ ಒಟ್ಟು ಮಾರಾಟದ ಮೇಲೆ ಶೇ. 1ರಷ್ಟು ತೆರಿಗೆ ಮುರಿದುಕೊಳ್ಳಬೇಕಿತ್ತು. 2024ರ ಅಕ್ಟೋಬರ್ 1ರಿಂದ ಅದು ಶೇ. 0.1ಕ್ಕೆ ಇಳಿಯಿತು. ಪ್ಯಾನ್ ಕೊಟ್ಟ ವ್ಯಕ್ತಿಗೆ ವರ್ಷಕ್ಕೆ 5 ಲಕ್ಷದವರೆಗೆ ವಿನಾಯಿತಿ, ಕೊಡದವನಿಗೆ ಶೇ. 5ರ ಹೊಡೆತ. ಈ ತೆರಿಗೆಯನ್ನು ಹಣ ಕೊಟ್ಟಾಗ ಅಥವಾ ಲೆಕ್ಕದಲ್ಲಿ ಜಮೆ ತೋರಿಸಿದಾಗ, ಯಾವುದು ಮೊದಲೋ ಆಗ ಮುರಿಯಬೇಕು. ಹಾಗಾಗಿ 26ಎಎಸ್‌ನಲ್ಲಿ ಆ ಕಂಪನಿಯ ಹೆಸರಿನಲ್ಲಿ ತೆರಿಗೆ ಕಂಡಿತೆಂದರೆ, ಹಣ ನಿಮ್ಮದೆಂದು ಅವರು ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಂತೆಯೇ. ಇದಕ್ಕಿಂತ ದಟ್ಟ ಹೊಗೆ ಬೇಕೆ?

ಈಗ ವಾದಕಾಂಡ. ಶಾಸ್ತ್ರದಲ್ಲಿ ಚರ್ಚೆ ಮೂರು ಬಗೆ: ಸತ್ಯಕ್ಕಾಗಿ ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನವರದನ್ನು ಅಲ್ಲಗಳೆಯುವುದೊಂದೇ ವಿತಂಡ. ಬ್ಯಾಂಕಿನ ಕೌಂಟರಿನ ಮುಂದೆ ಕೇಳಿಬಂದದ್ದು ಇದು:

'ಕಳಿಸಿದೀವಿ ಅಂತಾರೆ ಸಾರ್ ಕಂಪನಿಯವರು.'

'ನಮಗೆ ಬಂದಿಲ್ಲ ಸಾರ್.'

'ಹಾಗಾದ್ರೆ ನಡುವೆ ಎಲ್ಲಿದೆ ಸಾರ್ ದುಡ್ಡು?'

'ಅದನ್ನ ಅವರನ್ನೇ ಕೇಳ್ಬೇಕು ಸಾರ್.'

ಒಂದು ಹೇತು 'ಹೋಗಿದೆ' ಎನ್ನುತ್ತದೆ, ಅಷ್ಟೇ ಬಲದ ಇನ್ನೊಂದು ಹೇತು 'ಬಂದಿಲ್ಲ' ಎನ್ನುತ್ತದೆ. ಇದಕ್ಕೆ ಸತ್ಪ್ರತಿಪಕ್ಷ ಎಂದು ಹೆಸರು, ಇದು ಹೇತ್ವಾಭಾಸಗಳಲ್ಲಿ, ಅಂದರೆ ದೋಷವುಳ್ಳ ಹೇತುಗಳಲ್ಲಿ, ಒಂದು, ಮತ್ತು ಇದನ್ನು ಕಡಿಯುವ ಆಯುಧ ಪ್ರಾಚೀನರ ಬಳಿ ಇರಲಿಲ್ಲ. ನಮ್ಮ ಬಳಿ ಇದೆ: ಪ್ರತಿ ಹಣ ವರ್ಗಾವಣೆಗೂ ಬೀಳುವ ಗುರುತು, ಯುಟಿಆರ್ ಸಂಖ್ಯೆ. ನೆಫ್ಟ್ ಆದರೆ 16 ಅಕ್ಷರಾಂಕಿ, ಆರ್‌ಟಿಜಿಎಸ್ ಆದರೆ 22. ಎರಡನೆಯದು 2 ಲಕ್ಷದ ಮೇಲಿನವರ ಮಾತು, ನಮಗೆ ಬೇಡ. ಕಂಪನಿ ಯುಟಿಆರ್ ಕೊಟ್ಟರೆ ಬ್ಯಾಂಕು ಅದನ್ನು ಹಿಡಿದು ಹುಡುಕಬಲ್ಲದು. ಕೊಡಲಾರದಿದ್ದರೆ 'ಕಳಿಸಿದ್ದೇವೆ' ಎಂಬ ಮಾತಿಗೆ ಆಧಾರವಿಲ್ಲ. ಅನೇಕ ಸಲ ಇಬ್ಬರೂ ನಿಜವನ್ನೇ ಹೇಳಿರುತ್ತಾರೆ. ನೆಫ್ಟ್ ನಿಯಮದಂತೆ ಜಮೆ ಮಾಡಲಾಗದ ಹಣವನ್ನು ಕಂತು ಮುಗಿದ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕು. ತಡವಾದರೆ ರೆಪೋ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕಟ್ಟಿಕೊಡಬೇಕು. ಹಾಗೆ ಹಿಂದಿರುಗಿದ ಹಣ ಕಂಪನಿಯ ಯಾವುದೋ ಖಾತೆಯಲ್ಲಿ ತಣ್ಣಗೆ ಕೂತಿರುತ್ತದೆ, ಮತ್ತು ಚಾಟಿನಲ್ಲಿ ಕೂತ ಹುಡುಗನ ತೆರೆಯ ಮೇಲೆ ಈಗಲೂ 'ಕಳಿಸಲಾಗಿದೆ' ಎಂದೇ ಇರುತ್ತದೆ. ಅವನನ್ನು ಬೈದು ಫಲವಿಲ್ಲ. 'ವಾಪಸು ಬಂದಿದೆಯೇ ನೋಡಿ' ಎಂದು ಕೇಳಬೇಕು.

ಕೊನೆಯದು ಶಬ್ದಪ್ರಮಾಣ, ಅಂದರೆ ಆಪ್ತರ ವಾಕ್ಯ. 'ಮೂರರಿಂದ ಐದು ಕೆಲಸದ ದಿನಗಳಲ್ಲಿ' ಎಂಬ ಚಾಟಿನ ವಾಕ್ಯವನ್ನು ಆಪ್ತವಾಕ್ಯವೆಂದು ಒಪ್ಪಲು ನಾನು ಸಿದ್ಧನಿಲ್ಲ. ದೂರಿನ ಸಂಖ್ಯೆ ಇರುವ ಇಮೇಲ್ ಮಾತ್ರ ಆಪ್ತ. ತಪ್ಪು ಬ್ಯಾಂಕಿನದಾಗಿದ್ದು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲ. ಆದರೆ ಆ್ಯಪಿನ ಮೇಲಿನ ಸಿಟ್ಟನ್ನು ಅಲ್ಲಿಗೆ ಕೊಂಡೊಯ್ಯಬಾರದು, ಅವರ ವ್ಯಾಪ್ತಿ ಬೇರೆ. ಆ್ಯಪಿನ ಕಡೆಗೆ 2020ರ ಇ-ಕಾಮರ್ಸ್ ನಿಯಮಗಳು ಕುಂದುಕೊರತೆ ಅಧಿಕಾರಿಯನ್ನು ಕಡ್ಡಾಯ ಮಾಡಿವೆ: 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ. ಆ ನಿಯಮ ಗ್ರಾಹಕರಿಗೆ. ಬಾಡಿಗೆಗೆ ಕೋಣೆ ಕೊಡುವವನು ಗ್ರಾಹಕನೋ ವ್ಯಾಪಾರಿಯೋ? ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಸರಕು ಕೊಂಡವನೂ ಗ್ರಾಹಕನೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ; ಸೇವೆ ಪಡೆದವನ ಮಾತು ಅಲ್ಲಿಲ್ಲ. ಎರಡು ಕೋಣೆಯವನು ಇದನ್ನು ಸೇವೆಗೂ ಎಳೆದು ವಾದಿಸಿ ನೋಡಬಹುದು, ಇಪ್ಪತ್ತು ಕೋಣೆಯ ರೆಸಾರ್ಟಿನವನು ಇದನ್ನು ಉಚ್ಚರಿಸದಿರುವುದು ಲೇಸು.

ಸಂಪಾದಕರಲ್ಲಿ ವಿನಂತಿ: ಈ ಪ್ರಬಂಧಕ್ಕೆ ಸಂಭಾವನೆಯೇನಾದರೂ ಉಂಟಾದರೆ ಹಸ್ತಪ್ರತಿಯ ಜೊತೆ ಲಗತ್ತಿಸಿದ ಹೊಸ ಐಎಫ್‌ಎಸ್‌ಸಿಗೆ ಕಳಿಸುವುದು, ಕಳಿಸಿದ ಮೇಲೆ ಯುಟಿಆರ್ ಸಂಖ್ಯೆಯನ್ನು ತಪ್ಪದೆ ತಿಳಿಸುವುದು.