ಆಮೆಗೆ ಹೆಪ್ಪು

ನಮ್ಮ ಮನೆಯಲ್ಲಿ ಸದ್ಯಕ್ಕೆ ಮಾವನವರನ್ನು ಬಿಟ್ಟು ಯಾರೂ ಮೊಸರನ್ನ ತಿನ್ನುತ್ತಿಲ್ಲ. ಕಾರಣ, ಆಮೆ.

ಮಗಳ ಗೆಳತಿಯ ಮನೆಯವರು ನ್ಯೂಜೆರ್ಸಿ ಬಿಡುವಾಗ ದಾಟಿಸಿಹೋದ ಪ್ರಾಣಿ ಇದು, ಕೆನ್ನೆಗೆ ಕೆಂಪು ಪಟ್ಟಿಯ ರೆಡ್ ಇಯರ್ಡ್ ಸ್ಲೈಡರ್. ಮಕ್ಕಳಿಗೆ ಸಾಲ್ಮೊನೆಲ್ಲಾ ಅಂಟುತ್ತದೆಂದು ನಾಲ್ಕಿಂಚಿಗಿಂತ ಸಣ್ಣ ಆಮೆ ಮಾರುವುದನ್ನು ಅಮೆರಿಕದಲ್ಲಿ 1975ರಲ್ಲೇ ನಿಷೇಧಿಸಿದ್ದಾರೆ. ನಮ್ಮದು ಐದಿಂಚು, ಕಾನೂನಿನ ಪ್ರಕಾರ ನಿರಪರಾಧಿ. ಸಖರಾಯಪಟ್ಟಣದಿಂದ ಆಗಷ್ಟೇ ಬಂದಿಳಿದಿದ್ದ ಮಾವ ಅದಕ್ಕೆ ಕೂರ್ಮ ಎಂದು ಹೆಸರಿಟ್ಟರು.

ಆಮೆಯ ಹೊಲಸು ಮೀನಿನದಕ್ಕಿಂತ ಹೆಚ್ಚು. ಉಣ್ಣುವುದು ನೀರಲ್ಲಿ, ಉಳಿದದ್ದೂ ನೀರಲ್ಲೇ. ಚಿಪ್ಪಿನ ಇಂಚಿಗೆ ಹತ್ತು ಗ್ಯಾಲನ್ ಲೆಕ್ಕದಲ್ಲಿ ಐವತ್ತು ಗ್ಯಾಲನ್ ತೊಟ್ಟಿ, ಅದರ ಎರಡು ಪಟ್ಟು ತಾಳುವ ಫಿಲ್ಟರ್ ಬೇಕು ಎಂದು ನಮ್ಮೆಜಮಾನರು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದರು. ತೊಟ್ಟಿಯ ಅಂಚಿಗೆ ನೇತುಹಾಕುವಂಥದ್ದು ಬೇಡ, ಆಮೆಗೆ ನೀರು ಕಮ್ಮಿ ತುಂಬಿಸುವುದರಿಂದ ಅದಕ್ಕೆ ಸರಿಯಾಗಿ ಎಳೆಯಲಾಗುವುದಿಲ್ಲ. ಕೆಳಗೆ ಕೂತು ಕೊಳವೆಯಲ್ಲಿ ಎಳೆಯುವ ಕ್ಯಾನಿಸ್ಟರೇ ಆಗಬೇಕು. ಮಾವ ಎಲ್ಲವನ್ನೂ ಊರಿನ ಲೆಕ್ಕಕ್ಕೆ ತಿರುಗಿಸಿದರು. "ನೂರತೊಂಬತ್ತು ಲೀಟರು. ಅಂದ್ರೆ ನಮ್ಮ ಶುದ್ಧ ನೀರಿನ ಘಟಕದ ಒಂಬತ್ತೂವರೆ ಕ್ಯಾನು. ಒಂದು ಆಮೆಗೆ!"

"ನಮ್ಮೂರ ಅಯ್ಯನಕೆರೆಯನ್ನ 1156ರಲ್ಲೇ ಹೊಯ್ಸಳರ ಕಾಲದಲ್ಲಿ ದುರಸ್ತಿ ಮಾಡಿದ್ದು ಕಣೋ. ತೂಬೈತೆ, ಕೋಡಿ ಐತೆ. ಫಿಲ್ಟರ್ ಎಲ್ಲೈತೆ? ನಾವೆಲ್ಲ ಪಂಚೆ ತುಂಡಲ್ಲಿ ಸೋಸಿ ಕುಡಿದೇ ಬೆಳೆದದ್ದು."

ಬೆಳೆದವರ ಎತ್ತರ ನೋಡಿ ಮಗಳು ಏನೋ ಹೇಳಹೊರಟಳು. ನಾನು ಕಣ್ಣಲ್ಲೇ ತಡೆದೆ.

ಫಿಲ್ಟರ್ ಬಂತು. ತಂದ ತಕ್ಷಣ ಅದು ಕೆಲಸ ಮಾಡುವುದಿಲ್ಲವಂತೆ. ಆಮೆಯ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಕೂತು ಬೆಳೆಯಬೇಕು. ನಾಲ್ಕಾರು ವಾರ ಬೇಕು. ಅವಸರವಿದ್ದರೆ ಈಗಾಗಲೇ ಪಳಗಿದ ತೊಟ್ಟಿಯಿಂದ ಒಂದು ತುಂಡು ಸ್ಪಂಜು ತಂದಿಟ್ಟರಾಯಿತು. ಮಗಳು ಇದನ್ನು ಚಿತ್ರ ಬರೆದು ವಿವರಿಸುತ್ತಿದ್ದಳು. ಅತ್ತೆ ಹುರುಳಿಕಾಯಿ ಮುರಿಯುತ್ತಾ ತಲೆಯೆತ್ತದೆ, "ಹೆಪ್ಪು ತಾನೆ? ಅದಕ್ಕೇನು ಇಷ್ಟುದ್ದ ಪುರಾಣ?" ಅಂದರು.

ಸಂಜೆಗೆ ಹಿಂದಿನ ಬೀದಿಯ ಕನ್ನಡದವರ ಮನೆಯಿಂದ ಹೆಪ್ಪು ಬಂತು. ಅವರ ಮನೆಯ ಆಮೆಯ ಕಂದುಬಣ್ಣದ ಸ್ಪಂಜು, ಅತ್ತೆಯ ಹೆಸರು ಕೆತ್ತಿದ ಸ್ಟೀಲ್ ಡಬ್ಬಿಯಲ್ಲಿ. ಬರಿಗೈಲಿ ಹೋಗಬಾರದೆಂದು ಅದೇ ಡಬ್ಬಿಯಲ್ಲಿ ಚಕ್ಕುಲಿ ಒಯ್ದಿದ್ದರಂತೆ. ತಂದವರು ಹೆಪ್ಪನ್ನು ಹೆಪ್ಪಿನ ಜಾಗದಲ್ಲೇ ಇಟ್ಟರು: ಫ್ರಿಜ್ಜಿನಲ್ಲಿ, ಮೊಸರಿನ ಹೆಪ್ಪಿನ ಪಕ್ಕ. ಅದೂ ಅದೇ ಅಳತೆಯ, ಅದೇ ಹೆಸರಿನ ಡಬ್ಬಿ.

ರಾತ್ರಿ ಹಾಲಿಗೆ ಹೆಪ್ಪು ಹಾಕುವುದು ಮಾವನ ಕೆಲಸ.

ಬೆಳಿಗ್ಗೆ ಡಬ್ಬಿ ತೆರೆದು ನಾನು ಕಿರುಚಿದ್ದಕ್ಕೆ ಮನೆಮಂದಿಯೆಲ್ಲ ಸೇರಿದರು. ಗಾಳಿಯಿಲ್ಲದೆ ಬ್ಯಾಕ್ಟೀರಿಯಾ ಸತ್ತೇಹೋಯಿತೆಂದು ಮಗಳು ಅಳತೊಡಗಿದಳು. ನಾವು ಸಾಯುವ ವಿಚಾರ ಅವಳ ಯೋಚನೆಯಲ್ಲೇ ಇರಲಿಲ್ಲ.

"ಯಾವ ಡಬ್ಬಿಯಿಂದ ಹಾಕಿದ್ರಿ?"

"ಬಿಳೀದಿತ್ತಪ್ಪ. ಸ್ಪಂಜಿದ್ರೆ ಗೊತ್ತಾಗ್ತಿರ್ಲಿಲ್ವಾ?"

"ಕನ್ನಡಕ ಹಾಕ್ಕೊಂಡಿದ್ರೇನ್ರೀ?" ಅತ್ತೆಯ ಪ್ರಶ್ನೆ.

ಮಾವ ಕಿಟಕಿಯಾಚೆಯ ಹಿಮ ನೋಡಿದರು.

ಇಷ್ಟಕ್ಕೇ ಮುಗಿದಿದ್ದರೆ ಅನುಮಾನದ ಲಾಭ ಕೊಡಬಹುದಿತ್ತು. ಪಾತ್ರೆಯ ಮುಚ್ಚಳ ತೆಗೆದರೆ, ಈ ಚಳಿಯಲ್ಲಿ ನನ್ನ ಕೈಲಿ ಒಮ್ಮೆಯೂ ಕಟ್ಟದ ಮೊಸರು ಚಾಕುವಿನಲ್ಲಿ ಕುಯ್ಯುವಷ್ಟು ಗಟ್ಟಿಯಾಗಿ ಕೂತಿದೆ! ನಮ್ಮೆಜಮಾನರು ಎರಡು ಹೆಜ್ಜೆ ಹಿಂದೆ ಸರಿದರು. ಮಗಳು ತೊಟ್ಟಿಯ ನೀರು ಪರೀಕ್ಷಿಸುವ ಕಿಟ್ ತಂದು ಮೊಸರಿಗೇ ನಾಲ್ಕು ಹನಿ ಬಿಟ್ಟಳು. ಬಣ್ಣ ಯಾವ ಪಟ್ಟಿಗೂ ಹೊಂದಲಿಲ್ಲ. ಅತ್ತೆ ಡಬ್ಬಿಗಳನ್ನು ಬಿಸಿನೀರಲ್ಲಿ ಕುದಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಮತ್ತೆ ಕುದಿಸಿದರು. ಅಷ್ಟು ಹೊತ್ತೂ ಬೈದದ್ದು ಮಾತ್ರ ಡಬ್ಬಿ ಗುರುತಿಸಲಾಗದ ಗಂಡನನ್ನ. ಮಾವ ಯಾರನ್ನೂ ಕೇಳದೆ ತಟ್ಟೆಗೆ ಅನ್ನ ಬಡಿಸಿಕೊಂಡು, ಅದೇ ಮೊಸರು ಕಲಸಿ, ಉಪ್ಪಿನಕಾಯಿ ನಂಚಿಕೊಂಡು ಎಲ್ಲರೆದುರೇ ಉಂಡರು. ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ. ಆದರೂ ನಾವು ಕಾಯುತ್ತಿದ್ದೇವೆ.

ಸ್ಪಂಜು ತೊಟ್ಟಿ ಸೇರಿದೆ, ನೀರು ತಿಳಿಯಾಗುತ್ತಿದೆ. ಊರಿಗೆ ಫೋನು ಮಾಡಿ "ಕೆರೆ ಹೆಂಗೈತೆ, ಎಷ್ಟು ನೀರೈತೆ?" ಎಂದು ವಿಚಾರಿಸಿದ ಮೇಲೆ ಮಾವ ಕುರ್ಚಿ ಎಳೆದುಕೊಂಡು ಆ ಸುದ್ದಿಯನ್ನೆಲ್ಲ ಕೂರ್ಮನಿಗೆ ಒಪ್ಪಿಸುತ್ತಾರೆ. ಕೇಳುವವರು ಇನ್ಯಾರಿದ್ದಾರೆ? ನಾವೆಲ್ಲ ಮೀಟಿಂಗಿನಲ್ಲಿರುತ್ತೇವೆ.

"ಇಲ್ಲಿ ಕಷ್ಟ ಆದ್ರೆ ಅಯ್ಯನಕೆರೆಗೆ ಬಿಡೋಣ ಬಿಡು" ಅಂದದ್ದಕ್ಕೆ ಮಾತ್ರ ಮೊಮ್ಮಗಳಿಂದ ಉಗಿಸಿಕೊಂಡರು. ಇದನ್ನು ಹೊರಗೆ ಬಿಟ್ಟರೆ ಅಲ್ಲಿಯ ಆಮೆಗಳ ಅನ್ನಕ್ಕೂ ಬಿಸಿಲು ಕಾಯುವ ಜಾಗಕ್ಕೂ ಸಂಚಕಾರವಂತೆ. ಸಾಕಿದವರೇ ಕಡೆತನಕ ನೋಡಿಕೊಳ್ಳಬೇಕು.

"ಕಡೆತನಕ ಅಂದ್ರೆ ಎಷ್ಟು ವರ್ಷ ಪುಟ್ಟಿ?"

"ಮೂವತ್ತಾದ್ರೂ ಬದುಕಬಹುದು, ತಾತ."

ಅತ್ತೆ ಒಮ್ಮೆ ಮೊಮ್ಮಗಳನ್ನು, ಒಮ್ಮೆ ಫಿಲ್ಟರನ್ನು ನೋಡಿ, ನನ್ನ ಕಡೆ ತಿರುಗಿದರು. "ನಾಳೆ ಗಂಡು ನೋಡುವಾಗ ಜಾತಕ ಆಮೇಲೆ ತೆಗೀರಿ. ಮೊದಲು ಹುಡುಗನಿಗೆ ಇದನ್ನ ತೊಳೆಯೋಕೆ ಬರುತ್ತಾ, ಕೇಳಿ."