ಶೀತದ್ವೀಪವಾಸೇಚ್ಛಾ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈ ಹಾಕುವವನು ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಹೇಳಬೇಕು. ಈ ಕಟ್ಟಳೆ ಮೀರಿ ಬರೆದ ಪುಸ್ತಕಗಳನ್ನು ಜನ ಓದುತ್ತಾರೆ. ಆದ್ದರಿಂದಲೇ ಅವು ಶಾಸ್ತ್ರವಲ್ಲ. ನಾವು ಮೀರುವವರಲ್ಲ.

ವಿಷಯ ಇಷ್ಟು: ಜನರಿಂದ ಬಹುದೂರದ, ಚಳಿಗಾಳಿಯ, ನಾಲ್ಕೂ ಕಡೆ ನೀರಿನ ಒಂದು ದ್ವೀಪಕ್ಕೆ ಹೋಗಿ ಅಲ್ಲೇ ಇದ್ದುಬಿಡೋಣ ಎಂಬ ಆಸೆ. ಇದು ಸಾಮಾನ್ಯವಾಗಿ ಭಾನುವಾರ ಸಂಜೆ ಹುಟ್ಟಿ, ಸೋಮವಾರ ಬೆಳಗಿನ ಹೊತ್ತಿಗೆ ಪ್ರಾಯಕ್ಕೆ ಬಂದು, ತಿಂಗಳ ಕೊನೆಗೆ ಸಂಬಳ ಬಂದ ದಿನ ಶಾಂತವಾಗುತ್ತದೆ. ಪ್ರಯೋಜನ: ಏನೂ ಇಲ್ಲ. ಇದ್ದಿದ್ದರೆ ಇದನ್ನು ಶಾಸ್ತ್ರ ಎನ್ನದೆ ಕೋರ್ಸ್ ಎಂದು ಕರೆದು ಫೀಸು ವಸೂಲು ಮಾಡುತ್ತಿದ್ದರು.

ದೃಷ್ಟಾಂತಕ್ಕೆ ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕುನ್ಹ ದ್ವೀಪವನ್ನು ತೆಗೆದುಕೊಂಡಿದ್ದೇವೆ. ಜನವಸತಿ ಇರುವ ದ್ವೀಪಗಳಲ್ಲಿ ಇಷ್ಟು ಒಂಟಿಯಾದದ್ದು ಇನ್ನೊಂದಿಲ್ಲವೆಂಬುದು ಲೋಕಪ್ರಸಿದ್ಧ. ಜನ ಇರುವ ಹತ್ತಿರದ ನೆಲವೆಂದರೆ ಸೇಂಟ್ ಹೆಲೆನಾ, ಸುಮಾರು 2,400 ಕಿಲೋಮೀಟರ್. ಕೇಪ್‌ಟೌನ್ ಸುಮಾರು 2,800. ವಿಮಾನ ಇಳಿಯಲು ಜಾಗವಿಲ್ಲ.

ಸಂಬಂಧ ಎಂಬಲ್ಲಿ ಕನ್ನಡಿಗನಿಗೂ ಈ ಬಂಡೆಗೂ ಏನು ನಂಟು ಎಂದು ಕೇಳುವವರಿಗೆ ಉತ್ತರ ಶ್ರೀರಂಗಪಟ್ಟಣದಿಂದ ಶುರುವಾಗುತ್ತದೆ. 1799ರ ಮುತ್ತಿಗೆಯಲ್ಲಿದ್ದು, ಆಮೇಲೆ ಆ ಕೋಟೆಯ ಆಡಳಿತ ನಡೆಸಿದ ಆರ್ಥರ್ ವೆಲ್ಲೆಸ್ಲಿ, 1805ರಲ್ಲಿ ಊರಿಗೆ ಮರಳುವಾಗ ಸೇಂಟ್ ಹೆಲೆನಾದಲ್ಲಿ ತಂಗಿದ್ದ. 1815ರಲ್ಲಿ ಅವನೇ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ನೆಪೋಲಿಯನ್ನನನ್ನು ಅದೇ ಸೇಂಟ್ ಹೆಲೆನಾದಲ್ಲಿ ಕೂಡಿಹಾಕಿದರು. ಯಾರಾದರೂ ಬಂದು ಬಿಡಿಸಿಕೊಂಡು ಹೋದಾರು ಎಂಬ ಭಯಕ್ಕೆ 1816ರಲ್ಲಿ ಬ್ರಿಟಿಷರು ಟ್ರಿಸ್ಟನ್ನಿಗೂ ಒಂದು ಪಡೆ ಕಳಿಸಿದರು. ಬೆಂಗಳೂರಿನ ಜೈಲಿಗೆ ದೆಹಲಿಯಿಂದಾಚೆ ಕಾವಲು ಕೂರಿಸಿದ ಹಾಗಾಯಿತು. ಮಾರನೆಯ ವರ್ಷ ಪಡೆ ವಾಪಸಾದಾಗ ವಿಲಿಯಂ ಗ್ಲಾಸ್ ಎಂಬ ಸ್ಕಾಟ್ಲೆಂಡಿನ ಕಾರ್ಪೊರಲ್ ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಉಳಿದ. ಊರು ಹುಟ್ಟಿತು. ಶ್ರೀರಂಗಪಟ್ಟಣದಿಂದ ಹೊರಟ ಕಾರಣ ಹೀಗೆ ಹದಿನೆಂಟು ವರ್ಷಕ್ಕೆ ಕಾರ್ಯವಾಗಿ ಫಲಿಸಿತು. ಕಾರ್ಯಕಾರಣವಾದವನ್ನು ಇದಕ್ಕಿಂತ ಹೆಚ್ಚು ಎಳೆದರೆ ಹರಿಯುತ್ತದೆ.

ಈಗ ಸೂತ್ರ: ದುರ್ಗಮಮೇವ ರಮ್ಯಮ್. ಹೋಗಲಾಗದ್ದೇ ಚೆಂದ. (ಸೂತ್ರ ಇಷ್ಟು ಚಿಕ್ಕದಿರಲು ಕಾರಣ ಸೂತ್ರಕಾರನ ಸಂಸ್ಕೃತ ಇಷ್ಟೇ ಇರುವುದು.)

ಇದಕ್ಕೆ ಶೈತ್ಯವಾದಿಗಳ ಆಕ್ಷೇಪ: ಆಕರ್ಷಣೆ ಇರುವುದು ದೂರದಲ್ಲಲ್ಲ, ಚಳಿಯಲ್ಲಿ. ಕಂಬಳಿ ಹೊದ್ದು, ಕಿಟಕಿಯಾಚೆಯ ಮಂಜು ನೋಡುತ್ತಾ, ಬಿಸಿ ಲೋಟ ಹಿಡಿದು ಕೂರುವುದೇ ಪರಮ ಪುರುಷಾರ್ಥವೆಂದು ಇವರ ಮತ. ಇದು ನಿಲ್ಲುವುದಿಲ್ಲ. ಟ್ರಿಸ್ಟನ್ನಿನ ವರ್ಷದ ಸರಾಸರಿ ಉಷ್ಣಾಂಶ 15 ಡಿಗ್ರಿ ಆಸುಪಾಸು, ಮಳೆ 1,600 ಮಿಲಿಮೀಟರ್ ಮೀರುತ್ತದೆ. ಮಲೆನಾಡಿನವರು ಇದನ್ನು ಮಳೆಯೆಂದೇ ಒಪ್ಪಲಾರರು. ಚಳಿ ಮಡಿಕೇರಿಯಲ್ಲೂ ಸಿಗುತ್ತದೆ, ಆದರೆ ಮಡಿಕೇರಿಗೆ ಬಸ್ಸಿದೆ. ಬಸ್ಸಿರುವ ಊರಿನ ಚಳಿಗೆ ವೈರಾಗ್ಯ ಹುಟ್ಟಿಸುವ ಶಕ್ತಿಯಿಲ್ಲ. ಟ್ರಿಸ್ಟನ್ನಿನಲ್ಲೂ ಒಂದು ಬಸ್ಸಿದೆಯಲ್ಲ ಸ್ವಾಮಿ, ಎಂದಾರು. ಇದೆ. ಅದು ಊರಿನಿಂದ ಮೂರು ಕಿಲೋಮೀಟರ್ ದೂರದ ಆಲೂಗೆಡ್ಡೆ ಹೊಲದವರೆಗೆ ಹೋಗುತ್ತದೆ. ಅಲ್ಲಿಗೆ ರಸ್ತೆ ಮುಗಿಯಿತು.

ಆ ಹೊಲಗಳ ಬಗ್ಗೆ ಎರಡು ಮಾತು. ಗಾಳಿ ತಡೆಯಲು ಕಪ್ಪು ಜ್ವಾಲಾಮುಖಿ ಕಲ್ಲುಗಳನ್ನು ಒಂದರ ಮೇಲೊಂದಿಟ್ಟು ಕಟ್ಟಿದ ಮೋಟು ಗೋಡೆಗಳು. ಒಳಗೆ ಅಂಗಳದಷ್ಟು ಮಣ್ಣು. ಅದರಲ್ಲಿ ಸಾಲು ಸಾಲು ಆಲೂಗೆಡ್ಡೆ. ದ್ವೀಪದ ನೆಲ ಎಲ್ಲರಿಗೂ ಸೇರಿದ್ದು. ಕುಟುಂಬಕ್ಕೆ ಇಷ್ಟೇ ದನ ಎಂಬ ಲೆಕ್ಕವುಂಟು. 1946ರಲ್ಲಿ ದ್ವೀಪಕ್ಕೆಂದು ಮುದ್ರಿಸಿದ ಒಂದು ಅಂಚೆಚೀಟಿಯ ಮೇಲೆ ಒಂದು ಪೆನ್ನಿ ಎಂದರೆ ನಾಲ್ಕು ಆಲೂಗೆಡ್ಡೆ ಎಂದು ಬೆಲೆ ಹಾಕಿತ್ತು. ಬೇರೆ ದೇಶಗಳ ನಾಣ್ಯ ಚಿನ್ನದ ಮೇಲೆ ನಿಂತಿದ್ದ ಕಾಲದಲ್ಲಿ ಬೇಯಿಸಿ ತಿನ್ನಬಹುದಾದ ನಾಣ್ಯವನ್ನು ಯೋಚಿಸಿದವರು ಇವರು. ಅರ್ಥಶಾಸ್ತ್ರಜ್ಞರು ಇದನ್ನು ಗಂಭೀರವಾಗಿ ತೆಗೆದುಕೊಳ್ಳದಿರುವುದು ಅವರ ದೌರ್ಭಾಗ್ಯ.

ಮುಖ್ಯ ಪೂರ್ವಪಕ್ಷ ಏಕಾಂತವಾದಿಗಳದ್ದು. ಇವರು ಸಂಖ್ಯೆಯಲ್ಲೂ ಹೆಚ್ಚು, ಒಬ್ಬರೇ ಇರಬೇಕೆಂಬುದನ್ನು ಹತ್ತು ಜನರ ಮುಂದೆ ಹೇಳುವುದರಲ್ಲೂ ಮುಂದು. "ಯಾರೂ ಬೇಡ ಸಾರ್, ನಾನು, ಕಡಲು, ಅಷ್ಟೇ" ಎನ್ನುತ್ತಾರೆ. ಶಾಸ್ತ್ರ ಇವರನ್ನು ಕೂರಿಸಿ ಒಂದೊಂದೇ ಪ್ರಮಾಣ ಮುಂದಿಡುತ್ತದೆ.

ಮೊದಲ ಪ್ರಮಾಣ ಜೊನಾಥನ್ ಲ್ಯಾಂಬರ್ಟ್. ಗ್ಲಾಸ್ ಬರುವ ಮೊದಲೇ, 1811ರಲ್ಲಿ, ಈ ಅಮೆರಿಕನ್ ನಾವಿಕ ಜನರಿಲ್ಲದ ದ್ವೀಪಕ್ಕೆ ತಾನೇ ಒಡೆಯನೆಂದು ಸಾರಿದ. ಏಕಾಂತ ಸಿಕ್ಕ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಪತ್ರಿಕೆಯಲ್ಲಿ ಪ್ರಕಟಿಸಲು ಏರ್ಪಾಡು ಮಾಡಿ, ಹಾದುಹೋಗುವ ಹಡಗುಗಳಿಗೆ ತರಕಾರಿ ಮಾರುವ ಯೋಜನೆ ಹಾಕಿದ್ದು. ಮಾರನೆಯ ವರ್ಷ ಕಡಲಲ್ಲಿ ಮುಳುಗಿ ಸತ್ತ.

ಗ್ಲಾಸ್ ಮತ್ತು ಸಂಗಡಿಗರು 1817ರಲ್ಲಿ ಮಾಡಿದ ಮೊದಲ ಕೆಲಸ ಕರಾರುಪತ್ರ ಬರೆದದ್ದು: ಎಲ್ಲದರಲ್ಲೂ ಎಲ್ಲರಿಗೂ ಸಮಪಾಲು, ಯಾರೂ ಯಾರ ಮೇಲೂ ದೊಡ್ಡಸ್ತಿಕೆ ಮಾಡಬಾರದು. ಭೂಮಿಯ ಮೇಲಿನ ಅತಿ ನಿರ್ಜನ ಸ್ಥಳಕ್ಕೂ ಪಾಲು ಪಂಚಾಯಿತಿ ಹಡಗಿನಿಂದ ಜೊತೆಗೇ ಇಳಿದಿತ್ತು. ಆಮೇಲೆ ಬಂದು ಸೇರಿದ ಬ್ರಹ್ಮಚಾರಿಗಳು ಏಕಾಂತವನ್ನು ಎಷ್ಟು ಕಾಲ ತಾಳಿದರು? 1827ರಲ್ಲಿ ಒಬ್ಬ ಕ್ಯಾಪ್ಟನ್ನನ ಮೂಲಕ ಸೇಂಟ್ ಹೆಲೆನಾದಿಂದ ಐವರು ಹೆಂಗಸರನ್ನು ಕರೆಸಿಕೊಂಡು ಸಂಸಾರ ಹೂಡಿದರು.

ಇಂದು ಅಲ್ಲಿರುವುದು ಒಂದೇ ಊರು: ಎಡಿನ್‌ಬರೋ ಆಫ್ ದ ಸೆವೆನ್ ಸೀಸ್. ಇನ್ನೂರ ಚಿಲ್ಲರೆ ಜನ, ಬೆರಳೆಣಿಕೆಯ ಮನೆತನಗಳು. ಕಡಲು ಶಾಂತವಾಗಿ ಮೀನುಗಾರಿಕೆಗೆ ಹದವಾದ ದಿನ ಬೆಳಗಿನ ಜಾವ ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರಿಗೆ ಸುತ್ತಿಗೆಯಿಂದ ಬಾರಿಸುತ್ತಾರೆ. ಢಣ್ ಎಂದರೆ ಇಡೀ ಊರು ಎದ್ದಿತು ಎಂದೇ ಅರ್ಥ. ಗಂಡಸರು ಲಾಬ್‌ಸ್ಟರ್ ಹಿಡಿಯುವ ದೋಣಿಗೆ, ಉಳಿದವರು ಸಂಜೆ ಕಾರ್ಖಾನೆಗೆ. ಡಿಸೆಂಬರ್ 31ರಂದು ಹುಡುಗರು ಮುಖವಾಡ ತೊಟ್ಟು, ಒಕಲೋಲಿಗಳೆಂಬ ವೇಷದಲ್ಲಿ ಮನೆಮನೆಗೂ ನುಗ್ಗಿ ಹೆದರಿಸುತ್ತಾರೆ. ಬಾಗಿಲು ಹಾಕಿಕೊಂಡು ಏಕಾಂತ ಅನುಭವಿಸುವವನನ್ನು ಅವರು ಬಿಟ್ಟಾರೆಂದು ನಂಬಲು ಶಾಸ್ತ್ರಾಧಾರವಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದೆ ಹತ್ತು ವರ್ಷ ಕಳೆಯುವವನಿಗೆ ಇರುವ ಏಕಾಂತ ಟ್ರಿಸ್ಟನ್ನಿನ ಯಾರಿಗೂ ಸಿಕ್ಕಿಲ್ಲ.

ಕೊನೆಯ ಪ್ರಮಾಣ ಬ್ರಹ್ಮಾಸ್ತ್ರ. 1961ರ ಅಕ್ಟೋಬರಿನಲ್ಲಿ ಊರ ಪಕ್ಕದಲ್ಲೇ ಜ್ವಾಲಾಮುಖಿ ಬಾಯಿ ತೆರೆಯಿತು. ಅಷ್ಟೂ 264 ಜನರನ್ನು ಕೇಪ್‌ಟೌನ್ ಮೂಲಕ ಇಂಗ್ಲೆಂಡಿಗೆ ಸಾಗಿಸಿ, ಕಡೆಗೆ ಕ್ಯಾಲ್‌ಶಾಟ್ ಎಂಬಲ್ಲಿನ ಹಳೆಯ ವಾಯುಪಡೆ ಶಿಬಿರದಲ್ಲಿ ಇಳಿಸಿದರು. ಕೆಲಸ ಸಿಕ್ಕಿತು, ಟಿವಿ ಸಿಕ್ಕಿತು, ನೆಗಡಿ ಜ್ವರಗಳೂ ಧಾರಾಳ ಸಿಕ್ಕವು. ಮುಂದಿನ ವರ್ಷ ಡಿಸೆಂಬರಿನಲ್ಲಿ ವೋಟು ಹಾಕಿಸಿದರು. ಹಿಂದಿರುಗಬೇಕೆಂದವರು 148, ಬೇಡವೆಂದವರು 5. 1963ರಲ್ಲಿ ಹೆಚ್ಚಿನವರು ಹಿಂದಿರುಗಿದರು. ಅವರನ್ನು ಎಳೆದದ್ದು ಏಕಾಂತವೆನ್ನುವುದು ಅಬದ್ಧ. ಒಂದೇ ಗುಂಪಾಗಿ ಹೋಗಿ, ಒಂದೇ ಶಿಬಿರದಲ್ಲಿದ್ದು, ಗುಂಪು ಗುಂಪಾಗಿಯೇ ಬಂದವರು ಅವರು. ನಾವು ಜನ ಬೇಡವೆಂದು ಬಯಸುವ ದ್ವೀಪಕ್ಕೆ ಅವರು ಜನ ಬೇಕೆಂದೇ ವಾಪಸಾದರು. ಬೇಡವೆಂದ ಆ ಐವರ ವಿಷಯದಲ್ಲಿ ಶಾಸ್ತ್ರಕ್ಕೆ ಒಂದು ಬಗೆಯ ಕುತೂಹಲ ಉಳಿದಿದೆ. ಅವರೇ ನಿಜವಾದ ಏಕಾಂತವಾದಿಗಳಿರಬಹುದೆಂದು ನಮ್ಮ ಗುಮಾನಿ.

ಇನ್ನು ಅಧಿಕಾರಿ. ಈ ಆಸೆಗೆ ಅರ್ಹ ಯಾರು? ಅಲ್ಲಿ ನೆಲೆಸಲು ಹೊರಗಿನವರಿಗೆ ನೆಲ ಮಾರುವುದಿಲ್ಲ. ನೋಡಿ ಬರಲೂ ದ್ವೀಪದ ಕೌನ್ಸಿಲ್ ಒಪ್ಪಬೇಕು. ಕೇಪ್‌ಟೌನಿನಿಂದ ವರ್ಷಕ್ಕೆ ಕೆಲವೇ ಬಾರಿ ಹೊರಡುವ ಹಡಗಿನಲ್ಲಿ ಒಂದು ವಾರ ವಾಂತಿ ಮಾಡಿಕೊಂಡು ತಲುಪಿದರೂ ಇಳಿದೇ ಇಳಿಯುತ್ತೀರೆಂಬ ಖಾತ್ರಿಯಿಲ್ಲ. ಬಂದರು ಗೇಣುದ್ದ, ಕಡಲು ಒರಟು. ಅಲೆ ತಗ್ಗದಿದ್ದರೆ ಡೆಕ್ಕಿನ ಮೇಲೆ ನಿಂತು, ಮೋಡ ಸರಿದಾಗೊಮ್ಮೆ 2,062 ಮೀಟರ್ ಎತ್ತರದ ಶಿಖರ ನೋಡಿ ತೃಪ್ತಿಪಡಬೇಕು. ಹಾಗೆ ನೋಡಿಯೇ ಹಿಂದಿರುಗಿದ ಪ್ರವಾಸಿ ಹಡಗುಗಳುಂಟು. ಅವುಗಳಲ್ಲಿದ್ದವರನ್ನು ಕಂಡು ಮರುಗುವವರು ಶಾಸ್ತ್ರ ತಿಳಿಯದವರು. ದ್ವೀಪವನ್ನು ಕಂಡೂ ನೆರೆಹೊರೆಯನ್ನು ಕಾಣದ ಸಿದ್ಧಿ ಎಲ್ಲರಿಗೂ ಒಲಿಯುವುದಿಲ್ಲ.

ಈ ಪರಂಪರೆಯ ಆದಿಗುರು ಟ್ರಿಸ್ಟಾವ್ ಡ ಕುನ್ಹ. 1506ರಲ್ಲಿ ಭಾರತದ ಕಡೆ ಹೊರಟಿದ್ದ ಪೋರ್ಚುಗೀಸ್ ನೌಕಾಪಡೆಯ ಮುಖಂಡನಾಗಿ ಇದನ್ನು ಕಂಡ, ತನ್ನ ಹೆಸರಿಟ್ಟ, ಇಳಿಯದೆ ಮುಂದೆ ಹೋದ. ಅವನ ಜೊತೆಯಲ್ಲೇ ಇದ್ದ ಅಲ್ಬುಕರ್ಕ್ ನಾಲ್ಕು ವರ್ಷದ ಮೇಲೆ ಆದಿಲಶಾಹಿಯಿಂದ ಗೋವೆ ಕಿತ್ತುಕೊಂಡ, ಕಳೆದುಕೊಂಡ, ಮತ್ತೆ ಕಿತ್ತುಕೊಂಡ.  ಕುನ್ಹನಿಗೆ ಈ ದ್ವೀಪದ ಮಟ್ಟಿಗೆ ಅಂಥ ತಾಪತ್ರಯವೇ ಬರಲಿಲ್ಲ. ಒಂದು ಬುಟ್ಟಿ ಆಲೂಗೆಡ್ಡೆಯನ್ನೂ ಅಗೆಯದೆ ಐನೂರು ವರ್ಷದಿಂದ ನಕ್ಷೆಯಲ್ಲಿ ಕೂತಿದ್ದಾನೆ.