ಕುಂಡದಾಗ ಕೆಂಪು ನೀಲಗಿರಿ

ಅಲ್ರಿ ಕಾಕಾ, ನೀಲಗಿರಿ ಅಂದಕೂಡ್ಲೆ ಹಂಗ್ಯಾಕ ಮುಖಾ ಗಂಟ ಹಾಕ್ತೀರಿ? ನಿಮ್ಮ ಮಾತು ಖರೇನ ಐತಿ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಹೊಲಾ ತುಂಬ ಹಚ್ಚಿದ್ರು, ಬೋರ್ ಬತ್ತಾಕತ್ತಿದ್ವು ಅಂತ ಜನ ಕೂಗಿದ್ರು, 2017ರಾಗ ಸರ್ಕಾರ ಇನ್ನ ಮುಂದ ಹಚ್ಚೂಹಂಗಿಲ್ಲ ಅಂತ ಆದೇಶ ಮಾಡ್ತು. ಛಲೋನ ಮಾಡ್ತು. ಸರಾಸರಿ 600 ಮಿ.ಮೀ. ಮಳಿನೂ ಆಗದ ನಮ್ಮ ಸೀಮ್ಯಾಗ ಅಂಥಾ ತೋಪು ಬ್ಯಾಡೇ ಬ್ಯಾಡ.

ನಾ ಹೇಳಾಕತ್ತಿದ್ದು ಹೂವಿನ ನೀಲಗಿರಿ. ಪಶ್ಚಿಮ ಆಸ್ಟ್ರೇಲಿಯಾದ ದಕ್ಷಿಣ ದಂಡ್ಯಾಗ ಒಂದ ಸಣ್ಣ ಪಟ್ಟಿಯೊಳಗಷ್ಟ ತಾನಾಗೇ ಬೆಳಿಯೂ ಗಿಡ. ಮೊದ್ಲ ಯೂಕಲಿಪ್ಟಸ್ ಫಿಸಿಫೋಲಿಯಾ ಅಂತಿದ್ರು, 1995ರಾಗ ಕೊರಿಂಬಿಯಾ ಅನ್ನೂ ಬ್ಯಾರೆ ಕುಲಕ್ಕ ಹಾಕಿದ್ರು. ಉತ್ತರ ಆಸ್ಟ್ರೇಲಿಯಾದ ಇನ್ನೊಂದ ಜಾತಿ ಜೋಡಿ ಸಂಕರ ಮಾಡಿ ಕಸಿ ಕಟ್ಟಿದ 'ಸಮ್ಮರ್ ರೆಡ್' ತಳಿ 5 ಮೀಟರ್ ದಾಟೂದು ಕಮ್ಮಿ.

ಹೂವು ಏನಂತೀರಿ! ಎಸಳೇ ಕಾಣೂದಿಲ್ಲ. ಮೊಗ್ಗಿನ ತಲಿ ಮ್ಯಾಲೆ ಒಂದ ಸಣ್ಣ ಮುಚ್ಚಳ. ಒಳಗ ಕೇಸರ ಬಲತು ಒತ್ತಿದಂಗ ಅದು ಕಳಚಿ ಬೀಳ್ತೈತಿ, ಸುತ್ತಲೂ ಕೆಂಪು ಎಳಿ ಬಿಚ್ಚಿಕೊಳ್ತಾವು, ಎಳಿ ತುದಿಗೆ ಪರಾಗ. ಜೇನುಹುಳಕ್ಕ ಅಷ್ಟ ಸಾಕು. ನಿಮ್ಮ ಹಿತ್ತಲದ ನೇರಳಿನೂ ಇದರ ಕುಟುಂಬದ್ದೇ. ಈ ಸಲ ಹೂ ಬಿಟ್ಟಾಗ ಬಗ್ಗಿ ನೋಡ್ರಿ, ಅದರ ಎಸಳೂ ಟೊಪ್ಪಿಗಿ ಕಳಚಿದಂಗ ಒಮ್ಮೆಲೆ ಉದರ್ತಾವು. ನನಗಂತೂ ಈ ಕೆಂಪು ನೀಲಗಿರಿ ಮ್ಯಾಲೆ ಭಾಳ ಜೀವ.

ಆದ್ರ ನಮ್ಮ ಸಾವಳಗಿ ಸೀಮಿ ಎರಿ ಮಣ್ಣು ಇದಕ್ಕ ಒಗ್ಗೂದಿಲ್ಲ. ಸುಣ್ಣದಂಶ ಹೆಚ್ಚು, ಎಲಿ ಹಳದಿ ಆಗ್ತಾವು. ಮಳ್ಯಾಗ ನೀರು ಹಿಡದ ನಿಲ್ತೈತಿ, ಬೇರು ಕೊಳಿತಾವು. ದೊಡ್ಡ ಕುಂಡ ತಗೋರಿ. ಮಸಾರಿ ಮಣ್ಣು, ದಪ್ಪ ಉಸುಕು, ಒಂದಿಷ್ಟ ಎಲಿಗೊಬ್ಬರ. ತಳದಾಗ ನೀರು ಸರಾಗ ಹರಿಬೇಕು. ಬಿಸಲು ಪೂರಾ ಬೀಳೂ ಕಡೆ ಇಡ್ರಿ, ಬ್ಯಾಸಿಗ್ಯಾಗ ನೀರು ಮರೀಬ್ಯಾಡ್ರಿ. ಸಸಿ ಎಳೇದಿದ್ದಾಗ ತರ್ರಿ. ಚೀಲದಾಗ ಬೇರು ಸುರುಳಿ ಸುತ್ತಿದ್ದು ಮುಂದ ಗಟ್ಟಿ ನಿಲ್ಲೂದಿಲ್ಲ.

ಉಳದದ್ದು ದ್ರಾಕ್ಷಿ ಬೆಳಿಯೂ ನಿಮಗ ನಾ ಹೇಳಬೇಕೇನ್ರಿ? ಡಾಗ್ರಿಜ್ ಬೇರಿನ ಮ್ಯಾಲೆ ಥಾಮ್ಸನ್ ಕಸಿ ಕಟ್ಟಿ, ಗಂಟಿನ ಕೆಳಗ ಕುಡಿ ಬಂದ್ರ ಚಿವುಟಿ ಒಗೀತೀರಿ. ಇಲ್ಲೂ ಹಂಗ. ಬಿಟ್ರ ಬುಡದ ಕಾಡುಗಿಡಾನ ಮ್ಯಾಲಿಂದನ್ನ ನುಂಗಿ ಬೆಳಿತೈತಿ. ಹೂವು ಬರೂದು ಹೊಸ ಕುಡಿ ತುದ್ಯಾಗ. ಅದಕ ಹೂವು ಮುಗದಕೂಡ್ಲೆ ಹಗೂರಕ ಚಾಟ್ನಿ ಮಾಡ್ರಿ. ತಡಾ ಮಾಡಿದ್ರ ಮುಂದಿನ ಹೂವು ಕತ್ತರಿಗೇ ಹೋತು. ಬೀಜದ ಸಸಿ ಬ್ಯಾಡ, ಹೂವಿಗೆ ವರ್ಷಗಟ್ಲೆ ಕಾಯಬೇಕು, ಬಣ್ಣಾನೂ ಕೆಂಪೇ ಬರ್ತೈತಿ ಅನ್ನೂಹಂಗಿಲ್ಲ.

ಅಂಗಳದಾಗ ಒಂದ ಕುಂಡ ಅಂದ್ರೂ ಆದೇಶ ಆದೇಶನ. ಅರಣ್ಯ ಇಲಾಖೆಯವ್ರನ್ನ ಕೇಳಿ ಆಮ್ಯಾಲೆ ಸಸಿ ತರ್ರಿ. ಹೊಲದ ಬದುವಿಗಂತೂ ಹಚ್ಚಬ್ಯಾಡ್ರಿ ಕಾಕಾ, ಅಲ್ಲಿಗೆ ಬೇವು, ಹುಣಸಿನ ಇರಲಿ.